ನೀರು ಬಿಡೋದು ‘ಉದ್ಯಮ’ನಾ? (ಭಾಗ 3)

ಬೆಂಗಳೂರು ಜಲಮಂಡಳಿ ಗೊತ್ತಲ್ವಾ? 70ರ ದಶಕದಲ್ಲಿ ಅದು ಕೆಲವು ನೌಕರರಿಗೆ ದುರ್ನಡತೆ ಅಂತ ದಂಡ ಹಾಕಿ ದುಡ್ಡು ವಸೂಲಿ ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದ್ರು. ಮಂಡಳಿಯ ವಾದ ಕೇಳಿ: ನಾವು ಜನರಿಗೆ ಮೂಲಸೌಕರ್ಯ ಕೊಡೋರು, ‘ಉದ್ಯಮ’ವೇ ಅಲ್ಲ, ಕೈಗಾರಿಕಾ ವಿವಾದ ಕಾಯ್ದೆ ನಮಗೆ ಅನ್ವಯಿಸಲ್ಲ!

ಹೈಕೋರ್ಟ್ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠವೂ ಒಪ್ಪಲಿಲ್ಲ. ಮುಖ್ಯ ತೀರ್ಪು ಕೃಷ್ಣ ಅಯ್ಯರ್ ಅವರದ್ದು. ಮಾಲೀಕರು, ನೌಕರರು ಸೇರಿ ವ್ಯವಸ್ಥಿತವಾಗಿ ಜನರಿಗೆ ಬೇಕಾದ ವಸ್ತು, ಸೇವೆ ಒದಗಿಸಿದರೆ ಅದು ಉದ್ಯಮವೇ. ಲಾಭ ಇರಲೇಬೇಕು ಅಂತಿಲ್ಲ. ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಒಳಗೆ ಬಂದ್ವು. (ನಮ್ಮ ಮೇಷ್ಟ್ರು ಮಾತ್ರ ಕಾಯ್ದೆಯ ಪ್ರಕಾರ ‘ಕೆಲಸಗಾರ’ರಲ್ಲ ಅಂತ 1988ರಲ್ಲಿ ಅದೇ ಕೋರ್ಟ್ ಹೇಳಿತು!)

1982ರಲ್ಲಿ ಸಂಸತ್ತು ಇವನ್ನೆಲ್ಲ ಹೊರಗಿಡೋ ತಿದ್ದುಪಡಿ ಪಾಸು ಮಾಡಿತು. ಆ ಹೊಸ ವ್ಯಾಖ್ಯೆಯನ್ನು ಸರ್ಕಾರ ಜಾರಿಗೇ ತರಲಿಲ್ಲ.