ಸಣ್ಣ ಪದ, ನೂರು ಅರ್ಥ

ಇಂಗ್ಲಿಷಿನಲ್ಲಿ ಕಷ್ಟವಾದದ್ದು ಉದ್ದುದ್ದ ಪದಗಳು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ‘ಫೋಟೋಸಿಂಥೆಸಿಸ್’ ಎಂಬುದನ್ನು ಒಮ್ಮೆ ಬಾಯಿಪಾಠ ಮಾಡಿದರೆ ಮುಗಿಯಿತು, ಅದಕ್ಕಿರುವುದು ಒಂದೇ ಅರ್ಥ. ನಿಜವಾಗಿ ಕೈಕೊಡುವುದು ‘ಸೆಟ್’, ‘ರನ್’, ‘ಟೇಕ್’, ‘ಗೆಟ್’, ‘ಪುಟ್’ಗಳಂಥ ಪುಟ್ಟ ಪದಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೆಯ ಆವೃತ್ತಿ ‘ಸೆಟ್’ ಎಂಬುದಕ್ಕೆ ಸುಮಾರು 430 ಅರ್ಥಗಳನ್ನು ಬೇರೆಬೇರೆಯಾಗಿ ಕೊಟ್ಟಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಆ ಕ್ರಿಯಾಪದವೊಂದಕ್ಕೇ 645 ಅರ್ಥಗಳು. ಅವನ್ನು ವಿಂಗಡಿಸಲು ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತರು. ಇಷ್ಟೊಂದು ಅರ್ಥಗಳು ಒಂದೇ ಪದದಲ್ಲಿ ಅಡಗಿದ್ದರೆ ಇಂಗ್ಲಿಷರು ಗೊಂದಲವಿಲ್ಲದೆ ಮಾತಾಡುವುದಾದರೂ ಹೇಗೆ? ಈ ಪ್ರಶ್ನೆಗೆ ವಿದ್ವಾಂಸರು ಮೂರೂವರೆ ಶತಮಾನಗಳಿಂದ ಉತ್ತರ ಹುಡುಕುತ್ತ ಬಂದಿದ್ದಾರೆ. ಅವರು ನಡೆದುಬಂದ ದಾರಿಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಪದದ ಹೊಟ್ಟೆಯೊಳಗೆ ಅರ್ಥವನ್ನು ಎಣಿಸಲು ಹೊರಟ ಶಾಸ್ತ್ರ, ಕೊನೆಗೆ ಆ ಪದದ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡುವುದಕ್ಕೆ ಬಂದು ನಿಂತಿದೆ.

ಮೊದಮೊದಲ ಇಂಗ್ಲಿಷ್ ನಿಘಂಟುಗಳಿಗೆ ಈ ತೊಡಕಿನ ಅರಿವೇ ಇರಲಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಪ್ರಕಟಿಸಿದ ಪುಸ್ತಕದಲ್ಲಿದ್ದದ್ದು ಸುಮಾರು 2,500 ‘ಕಠಿಣ’ ಪದಗಳು ಮಾತ್ರ. ಎಲ್ಲರಿಗೂ ಗೊತ್ತಿರುವ ಪದಕ್ಕೆ ಅರ್ಥ ಬರೆಯುವುದೇಕೆ ಎಂಬುದು ಆ ಕಾಲದ ಧೋರಣೆ. ಸಮಸ್ಯೆಯನ್ನು ಮೊದಲು ಗುರುತಿಸಿದವರಲ್ಲಿ ಜಾನ್ ವಿಲ್ಕಿನ್ಸ್ ಒಬ್ಬರು. ಅರ್ಥಗೊಂದಲವೇ ಇಲ್ಲದ ಕೃತಕ ಭಾಷೆಯೊಂದನ್ನು ಕಟ್ಟಲು ಹೊರಟ ಅವರು 1668ರ ತಮ್ಮ ಗ್ರಂಥದಲ್ಲಿ ‘ಬ್ರೇಕ್’, ‘ಕಮ್’, ‘ಮೇಕ್’, ‘ರನ್’, ‘ಸೆಟ್’, ‘ಟೇಕ್’ ಮುಂತಾದ ಪದಗಳನ್ನು ಪಟ್ಟಿಮಾಡಿ, ಇವುಗಳಲ್ಲಿ ಯಾವುದಕ್ಕೂ ಮೂವತ್ತು ನಲವತ್ತಕ್ಕೆ ಕಡಿಮೆ ಅರ್ಥವಿಲ್ಲ, ಕೆಲವಕ್ಕೆ ನೂರರಷ್ಟಿವೆ ಎಂದು ದೂರಿದರು. ಅವು ನುಡಿಗಟ್ಟುಗಳಲ್ಲಿ ಬಳಕೆಯಾಗುವ ಬಗೆಯಿಂದ ಈ ಅರ್ಥಗಳು ಹುಟ್ಟುತ್ತವೆ ಎಂಬ ಮಾತನ್ನೂ ಸೇರಿಸಿದರು. ಮುಂದಿನವರು ಅದನ್ನೇ ಹಿಡಿದು ಹೋಗಿದ್ದರೆ ಎಷ್ಟೋ ದುಡಿಮೆ ಉಳಿಯುತ್ತಿತ್ತು. ಆದರೆ ಹಾಗಾಗಲಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನಲ್ಲಿ ‘ಟೇಕ್’ ಒಂದಕ್ಕೇ 134 ಅರ್ಥಗಳನ್ನು ಅಂಕಿ ಹಾಕಿ ಬೇರ್ಪಡಿಸಿದರು, ಒಂದೊಂದಕ್ಕೂ ಸಾಹಿತ್ಯದಿಂದ ಉದಾಹರಣೆ ಕೊಟ್ಟರು. ಅಲ್ಲಿಂದ ಅರ್ಥವೆಂದರೆ ಅಂಕಿ ಹಚ್ಚಿ ಎಣಿಸಬಹುದಾದ ವಸ್ತು ಎಂಬ ಭಾವನೆ ಗಟ್ಟಿಯಾಯಿತು.

ಹತ್ತೊಂಬತ್ತನೆಯ ಶತಮಾನ ಈ ಎಣಿಕೆಗೆ ಚರಿತ್ರೆಯ ಆಯಾಮ ಕೊಟ್ಟಿತು. ಜೇಮ್ಸ್ ಮರ‍್ರೆ 1879ರಿಂದ ಸಂಪಾದಿಸತೊಡಗಿದ ಆಕ್ಸ್‌ಫರ್ಡ್ ನಿಘಂಟು ಪ್ರತಿ ಪದದ ಅರ್ಥಗಳನ್ನೂ ಅವು ಬಳಕೆಗೆ ಬಂದ ಕಾಲದ ಅನುಕ್ರಮದಲ್ಲಿ ಜೋಡಿಸಿತು. ಮೂಲ ಆವೃತ್ತಿ ಮುಗಿಯುವ ಹೊತ್ತಿಗೆ 1928 ಬಂದಿತ್ತು. ಇದರ ನಡುವೆ 1897ರಲ್ಲಿ ಫ್ರಾನ್ಸಿನ ಮಿಶೆಲ್ ಬ್ರೆಆಲ್ ಈ ವಿದ್ಯಮಾನಕ್ಕೆ ‘ಪಾಲಿಸೆಮಿ’ ಎಂದು ಹೆಸರಿಟ್ಟರು. ನಾವು ಅನೇಕಾರ್ಥತೆ ಎನ್ನುತ್ತೇವೆ. ಅವರ ಉದಾಹರಣೆಗಳಲ್ಲೊಂದು ‘ಆಪರೇಷನ್’: ಶಸ್ತ್ರವೈದ್ಯನ ಬಾಯಲ್ಲಿ ಅದು ಒಂದು, ಸೇನಾಧಿಕಾರಿಯ ಬಾಯಲ್ಲಿ ಇನ್ನೊಂದು, ಹಣಕಾಸಿನವನಿಗೆ ಮತ್ತೊಂದು. ಕೇಳುವವನು ಮಿಕ್ಕ ಅರ್ಥಗಳನ್ನು ಅಳಿಸಿಹಾಕುವ ಶ್ರಮಪಡಬೇಕಿಲ್ಲ, ಸನ್ನಿವೇಶವೇ ಆ ಕೆಲಸ ಮಾಡಿರುತ್ತದೆ ಎಂಬುದು ಅವರ ವಾದ. 2008ರಿಂದೀಚೆಗೆ ರಾಜಕೀಯದಲ್ಲಿ ‘ಆಪರೇಷನ್ ಕಮಲ’ ಎಂಬ ಮಾತು ಕೇಳಿದ ಯಾವ ಕನ್ನಡಿಗನಿಗೂ ಆಸ್ಪತ್ರೆ ನೆನಪಾಗಲಿಲ್ಲ ಎಂಬುದನ್ನು ನೋಡಿದರೆ ಬ್ರೆಆಲ್ ಹೇಳಿದ್ದು ಸರಿ. ಪದದ ಹುಟ್ಟನ್ನು ಅಗೆದರೆ ಅರ್ಥ ಇತ್ಯರ್ಥವಾಗುತ್ತದೆ ಎನ್ನುವವರಿಗೆ ‘ಬ್ಯಾಂಕ್’ ಉತ್ತರ ಕೊಡುತ್ತದೆ. ನದಿಯ ದಂಡೆ ಮತ್ತು ಹಣದ ಕೋಠಿ ನಿಘಂಟಿನಲ್ಲಿ ಎರಡು ಬೇರೆ ಪದಗಳು. ಆದರೆ ಬಹಳ ಹಿಂದಕ್ಕೆ ಹೋದರೆ ಎರಡೂ ಒಂದೇ ಜರ್ಮಾನಿಕ್ ಮೂಲಕ್ಕೆ ಸೇರುತ್ತವೆ, ಹಣದ ಬ್ಯಾಂಕು ಇಟಲಿಯನ್ನು ಸುತ್ತಿಕೊಂಡು ಬಂತು, ಅಷ್ಟೇ. ಇಂದು ಮಾತಾಡುವವನ ಮನಸ್ಸಿನಲ್ಲಿ ಆ ನಂಟು ಉಳಿದಿಲ್ಲ.

ಸಾಮಾನ್ಯ ಪದಗಳಿಗೇ ಏಕೆ ಹೀಗೆ ಅರ್ಥಗಳು ಮುತ್ತಿಕೊಳ್ಳುತ್ತವೆ? 1945ರಲ್ಲಿ ಅಮೆರಿಕದ ಜಾರ್ಜ್ ಜಿಪ್ಫ್ ಇದಕ್ಕೊಂದು ಲೆಕ್ಕ ಕೊಟ್ಟರು. ಪದವೊಂದರ ಅರ್ಥಗಳ ಸಂಖ್ಯೆ ಅದರ ಬಳಕೆಯ ಪ್ರಮಾಣದ ವರ್ಗಮೂಲಕ್ಕೆ ಹೆಚ್ಚುಕಡಿಮೆ ಅನುಗುಣವಾಗಿ ಏರುತ್ತದೆ ಎಂದರು. ಹೆಚ್ಚು ಬಳಸಿದಷ್ಟೂ ಹೊಸ ಸನ್ನಿವೇಶ, ಹೊಸ ಸನ್ನಿವೇಶ ಬಂದಷ್ಟೂ ಹೊಸ ಅರ್ಥ. ಇಂಗ್ಲಿಷಿಗೆ ಇನ್ನೂ ಒಂದು ಅನುಕೂಲವಿದೆ. ಪ್ರತ್ಯಯಗಳು ಬಹುಪಾಲು ಸವೆದುಹೋದದ್ದರಿಂದ ನಾಮಪದ ಏನೂ ತೊಡದೆ ಕ್ರಿಯಾಪದವಾಗಬಲ್ಲದು. ‘ಅಪ್’, ‘ಆಫ್’, ‘ಔಟ್’ನಂಥ ತುಣುಕು ಅಂಟಿದರೆ ಮತ್ತೊಂದು ಅರ್ಥ. 1930ರಲ್ಲಿ ಸಿ.ಕೆ. ಆಗ್ಡನ್ ಬರೀ 850 ಪದಗಳ ‘ಬೇಸಿಕ್ ಇಂಗ್ಲಿಷ್’ ರೂಪಿಸಿದಾಗ ಈ ಗುಣವನ್ನೇ ನೆಚ್ಚಿಕೊಂಡರು. ಅವರ ಪಟ್ಟಿಯಲ್ಲಿ ಕ್ರಿಯಾಪದಗಳು ಹದಿನೆಂಟೇ, ಉಳಿದ ಕ್ರಿಯೆಗಳನ್ನೆಲ್ಲ ‘ಪುಟ್’, ‘ಗೆಟ್’, ‘ಟೇಕ್’ಗಳ ಜೋಡಣೆಯಿಂದಲೇ ಹೇಳಬೇಕು. ಕಲಿಯುವ ಹೊರೆ ಇಳಿದಂತೆ ಕಂಡಿತು. ನಿಜದಲ್ಲಿ ಅದು ಪದಗಳ ಸಂಖ್ಯೆಯಿಂದ ಅರ್ಥಗಳ ಸಂಖ್ಯೆಗೆ ವರ್ಗವಾಗಿತ್ತು. ಇದನ್ನು ಚೆನ್ನಾಗಿ ಅರಿತವರು ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದ ಮೈಕೆಲ್ ವೆಸ್ಟ್. 1953ರ ಅವರ ಪದಪಟ್ಟಿ ಸುಮಾರು ಎರಡು ಸಾವಿರ ಪದಗಳನ್ನು ಕೊಡುವುದರ ಜೊತೆಗೆ ಪದವೊಂದರ ಯಾವ ಅರ್ಥ ಶೇಕಡ ಎಷ್ಟು ಸಲ ಬರುತ್ತದೆ ಎಂಬುದನ್ನೂ ನಮೂದಿಸಿತು. ಗಣಕವಿಲ್ಲದ ಕಾಲದಲ್ಲಿ ಕೈಯಿಂದ ಎಣಿಸಿ ತೆಗೆದ ಲೆಕ್ಕ ಅದಕ್ಕೆ ಆಧಾರವಾಗಿತ್ತು. ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ನಿಜವಾದ ತಿರುವು ಬಂದದ್ದು ಲಂಡನ್ನಿನ ಜೆ.ಆರ್. ಫರ್ತ್ ಅವರಿಂದ. ಪದವನ್ನು ಅದರ ಒಡನಾಟದಿಂದ ಅರಿಯಬೇಕೆಂದು ಅವರು 1957ರಲ್ಲಿ ಪ್ರತಿಪಾದಿಸಿದರು. ನಮ್ಮ ಶಾಸ್ತ್ರ ಓದಿದವರಿಗೆ ಇದು ಹೊಸದೆನಿಸದು. ನಾನಾರ್ಥ ಪದದ ಅರ್ಥ ನಿಶ್ಚಯಿಸುವ ಸಾಧನಗಳಲ್ಲಿ ಸಂಯೋಗ, ಸಾಹಚರ್ಯ, ಪ್ರಕರಣ, ಬೇರೊಂದು ಶಬ್ದದ ಸನ್ನಿಧಿ ಇವನ್ನು ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಬಹಳ ಹಿಂದೆಯೇ ಹೆಸರಿಸಿದ್ದ. ಸಿಂಹ, ಕಪಿ, ಇಂದ್ರ ಎಲ್ಲವನ್ನೂ ಸೂಚಿಸಬಲ್ಲ ‘ಹರಿ’ ಶಂಖಚಕ್ರದ ಜೊತೆ ಬಂದರೆ ವಿಷ್ಣುವೇ ಎಂಬುದು ಅಲಂಕಾರಶಾಸ್ತ್ರದ ಹಳೆಯ ಉದಾಹರಣೆ. ಫರ್ತ್ ಪರಂಪರೆಗೆ ಹೊಸದಾಗಿ ಒದಗಿದ್ದು ಪುರಾವೆ. ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ 1980ರಲ್ಲಿ ಆರಂಭಿಸಿದ ಕೋಬಿಲ್ಡ್ ಯೋಜನೆ ಅಪಾರ ಪಠ್ಯವನ್ನು ಗಣಕಕ್ಕೆ ತುಂಬಿ, ಪದವೊಂದು ಬಂದ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ಇಟ್ಟು ನೋಡಿತು. ‘ಬ್ಯಾಕ್’ ಎಂದರೆ ಮೊದಲು ಬೆನ್ನು ಎಂದೇ ನಿಘಂಟುಗಳು ಹೇಳುತ್ತಿದ್ದವು. ಬಳಕೆಯಲ್ಲಿ ಕಂಡದ್ದು ಬಹುಪಾಲು ‘ಹಿಂದಕ್ಕೆ, ಮರಳಿ’ ಎಂಬ ಅರ್ಥ. ಇನ್ನೂ ಸೂಕ್ಷ್ಮವಾದದ್ದು ‘ಸೆಟ್ ಇನ್’. ನೆಲೆಯೂರು, ಶುರುವಾಗು ಎಂದು ನಾವು ಅರ್ಥ ಬರೆದುಕೊಳ್ಳುತ್ತೇವೆ. ಸಿಂಕ್ಲೇರ್ ಅದರ ಮುಂದೆ ಬರುವ ಕರ್ತೃಗಳನ್ನು ನೋಡಿದರು: ಕೊಳೆತ, ಸೋಂಕು, ಹತಾಶೆ, ಅವನತಿ. ಹಿತವಾದದ್ದು ‘ಸೆಟ್ ಇನ್’ ಆಗುವುದು ಅಪರೂಪ. ಹೀಗಾಗಿ ‘ಹ್ಯಾಪಿನೆಸ್ ಸೆಟ್ ಇನ್’ ಎಂದು ಬರೆದರೆ ವ್ಯಾಕರಣ ತಪ್ಪಿರುವುದಿಲ್ಲ, ಓದುವವನ ಕಿವಿಗೆ ಮಾತ್ರ ಏನೋ ಕೆಟ್ಟದ್ದು ತಾಗುತ್ತದೆ. ಈ ಛಾಯೆ ‘ಸೆಟ್’ನಲ್ಲೂ ಇಲ್ಲ, ‘ಇನ್’ನಲ್ಲೂ ಇಲ್ಲ; ಸಾವಿರಾರು ಸಲದ ಸಹವಾಸದಿಂದ ಬಂದದ್ದು. 1987ರಲ್ಲಿ ಹೊರಬಂದ ಕೋಬಿಲ್ಡ್ ನಿಘಂಟು ಅರ್ಥವನ್ನು ಪೂರ್ಣವಾಕ್ಯದಲ್ಲಿ ವಿವರಿಸಿದ್ದು ಈ ಕಾರಣಕ್ಕೆ.

ಹಾಗಾದರೆ ಪದಕ್ಕೆ ಸ್ವಂತ ಅರ್ಥವೇ ಇಲ್ಲವೇ ಎಂಬ ಆಕ್ಷೇಪ ಸಹಜ. ಒಡನಾಟವೇ ಎಲ್ಲವೂ ಆಗಿದ್ದರೆ ‘ಪುಟ್’ ಇರುವ ಜಾಗದಲ್ಲಿ ‘ಈಟ್’ ಕೂರಬಹುದಿತ್ತು. ಈ ಆಕ್ಷೇಪಕ್ಕೆ ಬಲ ತುಂಬಿದವರು ಕ್ಯಾಲಿಫೋರ್ನಿಯಾದ ವಿದ್ವಾಂಸರು. 1981ರಲ್ಲಿ ಕ್ಲಾಡಿಯಾ ಬ್ರಗ್‌ಮನ್, 1987ರಲ್ಲಿ ಜಾರ್ಜ್ ಲೇಕಾಫ್ ‘ಓವರ್’ ಎಂಬ ಒಂದು ಪದವನ್ನು ಹಿಡಿದು, ಅದರ ಹತ್ತಾರು ಅರ್ಥಗಳು ‘ಮೇಲೆ ಹಾದುಹೋಗು’ ಎಂಬ ಒಂದು ಚಿತ್ರದ ಸುತ್ತ ಬೆಳೆದಿವೆ ಎಂದು ತೋರಿಸಿದರು. ಕನ್ನಡದ ‘ಹಾಕು’ ಎಂಬುದನ್ನೇ ನೋಡಿ: ಅಂಗಿ ಹಾಕು, ಸಹಿ ಹಾಕು, ಅರ್ಜಿ ಹಾಕು, ಲೆಕ್ಕ ಹಾಕು, ಬೀಗ ಹಾಕು, ಕಣ್ಣು ಹಾಕು. ಒಂದನ್ನು ಮತ್ತೊಂದರ ಮೇಲಿಡುವ ಮಸುಕಾದ ಚಿತ್ರ ಎಲ್ಲದರ ಹಿಂದೆಯೂ ಇದೆ. ಆದರೆ ಆ ಚಿತ್ರವೊಂದನ್ನೇ ಹಿಡಿದು ಹೊರಟವನಿಗೆ ‘ಲೆಕ್ಕ ಹಾಕು’ ಎಂಬುದರ ಅರ್ಥ ಎಂದಿಗೂ ಹೊಳೆಯದು. ಪದ ಒಂದು ಸಾಧ್ಯತೆಯನ್ನು ಒದಗಿಸುತ್ತದೆ, ನೆರೆಯ ಪದ ಅದನ್ನು ನಿರ್ಧರಿಸುತ್ತದೆ. ಎರಡು ಪಂಥಗಳ ಜಗಳದಲ್ಲಿ ನೆರೆಯ ಪದದ ಪಾಲು ದೊಡ್ಡದೆಂದೇ ನನ್ನ ತೀರ್ಮಾನ.

ಆ ತೀರ್ಮಾನಕ್ಕೆ ಗಣಕದ ಚರಿತ್ರೆಯೂ ಸಾಕ್ಷಿ. 1949ರಲ್ಲಿ ಯಂತ್ರಾನುವಾದದ ಕನಸು ಕಂಡ ವಾರನ್ ವೀವರ್, ಒಂದೇ ಪದ ಕಾಣುವಷ್ಟು ಕಿಂಡಿಯಿಂದ ನೋಡಿದರೆ ಅರ್ಥ ಗೊತ್ತಾಗದು, ಕಿಂಡಿಯನ್ನು ಎರಡೂ ಕಡೆಗೆ ಅಗಲಿಸಿದರೆ ಗೊತ್ತಾಗುತ್ತದೆ ಎಂದರು. 1960ರಲ್ಲಿ ಯೆಹೋಶುವ ಬಾರ್-ಹಿಲೆಲ್ ಅದನ್ನು ಅಲ್ಲಗಳೆದರು: ಪೆಟ್ಟಿಗೆ ‘ಪೆನ್’ನಲ್ಲಿತ್ತು ಎಂಬ ವಾಕ್ಯದಲ್ಲಿ ‘ಪೆನ್’ ಎಂದರೆ ಮಗುವನ್ನು ಆಡಲು ಬಿಡುವ ಕಟಕಟೆಯೆಂದು ತಿಳಿಯಲು ವಸ್ತುಗಳ ಗಾತ್ರದ ಲೋಕಜ್ಞಾನ ಬೇಕು, ಯಂತ್ರಕ್ಕೆ ಅದೆಲ್ಲಿ? ಮುಂದೆ ಪ್ರಿನ್ಸ್‌ಟನ್ನಿನ ಜಾರ್ಜ್ ಮಿಲ್ಲರ್ 1985ರಲ್ಲಿ ಕೈಗೊಂಡ ವರ್ಡ್‌ನೆಟ್ ಅರ್ಥಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟಿತು. ವಾಕ್ಯದಲ್ಲಿನ ಪದಕ್ಕೆ ಸರಿಯಾದ ಸಂಖ್ಯೆ ಹಚ್ಚಲು ತರಬೇತಾದ ಮನುಷ್ಯರನ್ನೇ ಕೂರಿಸಿದಾಗ, 2004ರ ಒಂದು ಪರೀಕ್ಷೆಯಲ್ಲಿ, ಅವರವರಲ್ಲೇ ಒಮ್ಮತ ಬಂದದ್ದು ಶೇಕಡ 72ರ ಆಸುಪಾಸಿನಲ್ಲಿ. ನಿಘಂಟುಕಾರ ಆಡಮ್ ಕಿಲ್ಗರಿಫ್ 1997ರಲ್ಲೇ ಪದಾರ್ಥವೆಂಬ ಬಿಡಿ ವಸ್ತುವಿನಲ್ಲಿ ತಮಗೆ ನಂಬಿಕೆಯಿಲ್ಲ ಎಂದು ಬರೆದಿದ್ದರು. 2018ರ ‘ಬರ್ಟ್’ನಂಥ ಭಾಷಾಮಾದರಿಗಳು ಕ್ರಮಸಂಖ್ಯೆಯ ಗೊಡವೆಯನ್ನೇ ಬಿಟ್ಟು, ಪ್ರತಿ ವಾಕ್ಯದಲ್ಲೂ ಸುತ್ತಲಿನ ಪದಗಳಿಂದ ಪದಕ್ಕೊಂದು ಹೊಸ ಬೆಲೆ ಕಟ್ಟಿದವು, ಅನುವಾದ ಸುಧಾರಿಸಿದ್ದು ಇಂಥ ಹಾದಿಯಲ್ಲಿ. ಯಂತ್ರ ಗೆದ್ದದ್ದು ಅಂಕಿಗಳಿಂದ ಮಾತ್ರ, ಮನುಷ್ಯನ ರೀತಿ ಬೇರೆ ಎನ್ನಬಹುದು. ಡೇವಿಡ್ ಸ್ವಿನ್ನಿ 1979ರಲ್ಲಿ ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ‘ಬಗ್’ ಎಂಬ ಪದ ಕಿವಿಗೆ ಬಿದ್ದ ಕ್ಷಣದಲ್ಲಿ ಹುಳ, ಕದ್ದಾಲಿಸುವ ಸಾಧನ ಎರಡೂ ಅರ್ಥ ಮನಸ್ಸಿನಲ್ಲಿ ಏಳುತ್ತವೆ. ಮೂರ್ನಾಲ್ಕು ಉಚ್ಚಾರಾಂಶ ದಾಟುವಷ್ಟರಲ್ಲಿ ಸಂದರ್ಭಕ್ಕೆ ಒಗ್ಗುವುದೊಂದೇ ಉಳಿಯುತ್ತದೆ. ಸನ್ನಿಧಿಯ ಕೆಲಸ ಅಲ್ಲೂ ಅದೇ.

ಇದರ ಬೆಳಕಿನಲ್ಲಿ ನಮ್ಮ ತರಗತಿಗಳನ್ನು ನೋಡಿದರೆ ಬೇಸರವಾಗುತ್ತದೆ. ‘ಟೇಕ್ ಅಂದರೆ ತೆಗೆದುಕೊ’ ಎಂದು ಮಕ್ಕಳಿಗೆ ಒಮ್ಮೆ ಹೇಳಿಬಿಟ್ಟರೆ ಆ ಪದದ ಪಾಠ ಮುಗಿಯಿತು. ಮೇಲಿನ ತರಗತಿಗಳಿಗೆ ಹೋದಂತೆ ಸಮಯವೆಲ್ಲ ಕಠಿಣ ಪದಗಳಿಗೆ, ಕಾಡ್ರಿಯ ಕಾಲದಂತೆ. ಆಮೇಲೆ ವಿಮಾನ ‘ಟೇಕ್ ಆಫ್’ ಆದಾಗ, ಯಾರೋ ಅಪ್ಪನನ್ನು ‘ಟೇಕ್ ಆಫ್ಟರ್’ ಮಾಡಿದಾಗ ವಿದ್ಯಾರ್ಥಿ ಕಂಗಾಲು. ಅರ್ಥ ಬಹಳವಿದೆ ಎಂಬ ಕಾರಣಕ್ಕೆ ಎಲ್ಲವನ್ನೂ ಕಲಿಸಲಾಗದು ಎಂಬ ಶಿಕ್ಷಕರ ಮಾತಿನಲ್ಲಿ ಹುರುಳಿದೆ. ಆದರೆ ವೆಸ್ಟ್ ತೋರಿಸಿದಂತೆ ಎಲ್ಲ ಅರ್ಥಗಳೂ ಸಮಾನವಾಗಿ ಬರುವುದಿಲ್ಲ, ಕೆಲವೇ ಬಹುಪಾಲನ್ನು ಆವರಿಸುತ್ತವೆ. ಇಂಗ್ಲಿಷ್–ಕನ್ನಡ ನಿಘಂಟು ತಯಾರಿಸುವವರು ‘ಗೆಟ್’, ‘ಪುಟ್’, ‘ಸೆಟ್’, ‘ಟೇಕ್’ನಂಥ ನೂರು ಪದಗಳನ್ನಾದರೂ ಆರಿಸಿಕೊಂಡು, ಅವುಗಳ ಅತಿಬಳಕೆಯ ಜೋಡಿಗಳನ್ನು ಪೂರ್ಣ ವಾಕ್ಯದ ಸಮೇತ ಕನ್ನಡದಲ್ಲಿ ಕೊಡಬೇಕು, ಪಠ್ಯಪುಸ್ತಕ ಸಮಿತಿಗಳು ಆ ನೂರು ಪದಗಳನ್ನು ಐದನೆಯ ತರಗತಿಯಿಂದ ಹತ್ತನೆಯವರೆಗೆ ವರ್ಷವರ್ಷವೂ ಹೊಸ ಜೊತೆಯಲ್ಲಿ ಮತ್ತೆ ಮತ್ತೆ ತರಬೇಕು.