ನಿಶ್ಚಲ ಚಿತ್ರ, ಚಲಿಸುವ ಅಣು: ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶನ ಮತ್ತು ರೈಬೋಸೋಮ್

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಪ್ರೋಟೀನುಗಳ ಚಲನೆಯನ್ನು ತೋರಿಸುತ್ತದೆ ಎಂಬ ಮಾತು ಈಗ ರೂಢಿಗೆ ಬಂದಿದೆ. ಕಟ್ಟುನಿಟ್ಟಾಗಿ ನೋಡಿದರೆ ಅದು ತೋರಿಸುವುದು ಭಂಗಿಗಳನ್ನು ಮಾತ್ರ. ಅಣು ಯಾವ ಭಂಗಿಯಿಂದ ಯಾವುದಕ್ಕೆ, ಎಷ್ಟು ವೇಗದಲ್ಲಿ ಹೋಯಿತು ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಅದನ್ನು ನಾವು ತರ್ಕದಿಂದ ತುಂಬಿಕೊಳ್ಳುತ್ತೇವೆ.

ಕ್ರಯೋ ವಿಧಾನದಲ್ಲಿ ಮಾದರಿಯ ದ್ರಾವಣವನ್ನು ಪುಟ್ಟ ಲೋಹದ ಜಾಲರಿಯ ಮೇಲೆ ತೆಳುವಾಗಿ ಹರಡಿ, ದ್ರವ ಸಾರಜನಕದಿಂದ ತಣಿಸಿದ ಈಥೇನಿನಲ್ಲಿ ಥಟ್ಟನೆ ಮುಳುಗಿಸುತ್ತಾರೆ. ಹರಳುಗಟ್ಟಲು ಪುರುಸೊತ್ತಿಲ್ಲದೆ ನೀರು ಗಾಜಿನಂತೆ ಗಟ್ಟಿಯಾಗುತ್ತದೆ, ಅಣುಗಳು ಇದ್ದ ಭಂಗಿಯಲ್ಲೇ ಸೆರೆಯಾಗುತ್ತವೆ. ಜಾಕ್ ದುಬೋಶೆ 1980ರ ದಶಕದ ಆರಂಭದಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಇದನ್ನು ಸಾಧಿಸಿದರು. ಎಲೆಕ್ಟ್ರಾನುಗಳು ಅಣುವನ್ನೇ ಹಾಳುಗೆಡಹುವುದರಿಂದ ಅವನ್ನು ಮಿತವಾಗಿ ಹಾಯಿಸಬೇಕು, ಆದ್ದರಿಂದ ಬಿಡಿ ಚಿತ್ರ ತೀರಾ ಮಸುಕು. ಸಾವಿರಾರು ಮಸುಕು ಚಿತ್ರಗಳನ್ನು ಹೊಂದಿಸಿ, ಸರಾಸರಿ ತೆಗೆದು, ಮೂರು ಆಯಾಮದ ನಕ್ಷೆ ಕಟ್ಟುವ ಗಣನಾ ವಿಧಾನ ಯೋಆಕಿಮ್ ಫ್ರಾಂಕ್ ಅವರದು. ರಿಚರ್ಡ್ ಹೆಂಡರ್ಸನ್ ಜೊತೆಗೆ ಇವರಿಬ್ಬರೂ 2017ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. 2020ರಲ್ಲಿ ಅಪೋಫೆರಿಟಿನ್ ಎಂಬ ಪ್ರೋಟೀನಿನ ಬಿಡಿ ಪರಮಾಣುಗಳೇ ಕಾಣುವಷ್ಟು ಸ್ಪಷ್ಟತೆ, ಸುಮಾರು 1.2 ಆಂಗ್‌ಸ್ಟ್ರಮ್, ದೊರಕಿತು. ಅಪೋಫೆರಿಟಿನ್ ಬಹಳ ಬಿಗಿಯಾದ, ಅಲುಗಾಟ ಕಡಿಮೆಯಿರುವ ಅಣು ಎಂಬುದನ್ನು ಈ ದಾಖಲೆಯ ಜೊತೆಗೇ ನೆನೆಯಬೇಕು.

ರೈಬೋಸೋಮ್ ಹಾಗಲ್ಲ. ಜೀವಕೋಶದಲ್ಲಿ ಪ್ರೋಟೀನುಗಳನ್ನು ಕಟ್ಟುವ, ತಾನೇ ಪ್ರೋಟೀನ್ ಮತ್ತು ಆರ್‌ಎನ್‌ಎ ಎರಡರಿಂದಲೂ ಆದ ಈ ಯಂತ್ರ ಕೆಲಸ ಮಾಡುವುದೇ ಅಲುಗಾಡಿ. ಬ್ಯಾಕ್ಟೀರಿಯಾದ ರೈಬೋಸೋಮಿಗೆ ಇಎಫ್-ಜಿ ಎಂಬ ಪ್ರೋಟೀನ್ ಅಂಟಿಕೊಂಡಾಗ ಅದರ ಸಣ್ಣ ಘಟಕ ದೊಡ್ಡದರ ಮೇಲೆ ಸುಮಾರು 6 ಡಿಗ್ರಿ ತಿರುಗಿರುವುದನ್ನು ಫ್ರಾಂಕ್ ಮತ್ತು ರಾಜೇಂದ್ರ ಅಗ್ರವಾಲ್ 2000ದಲ್ಲಿ ವರದಿ ಮಾಡಿದರು. ಇಎಫ್-ಜಿ ಬಂದು ತಿರುಗಿಸಿತು ಎಂದು ಓದಿಕೊಳ್ಳುವುದು ಸಹಜವೇ. ಆದರೆ 2008ರಲ್ಲಿ ಇಎಫ್-ಜಿ ಇಲ್ಲದ ಮಾದರಿಯ ಚಿತ್ರಗಳನ್ನು ಗುಂಪುಗಳಾಗಿ ವಿಂಗಡಿಸಿದಾಗ ಅಲ್ಲೂ ತಿರುಗಿದ ರೈಬೋಸೋಮುಗಳು ಸಿಕ್ಕವು. ಅದೇ ವರ್ಷ ಒಂಟಿ ಅಣುಗಳ ಪ್ರತಿದೀಪ್ತಿಯನ್ನು ಅಳೆದ ಇನ್ನೊಂದು ಪ್ರಯೋಗ, ಇಎಫ್-ಜಿ ಇಲ್ಲದೆಯೇ ಅವು ಹಿಂದಕ್ಕೂ ಮುಂದಕ್ಕೂ ತಿರುಗುತ್ತಿರುವುದನ್ನು ನೇರವಾಗಿ ಕಂಡಿತು. ಶಾಖದ ಕಂಪನವೇ ತಿರುಗಿಸಲು ಸಾಕು. ಇಎಫ್-ಜಿ ತಿರುಗಿದ ಸ್ಥಿತಿಯನ್ನು ಹಿಡಿದು ನಿಲ್ಲಿಸುತ್ತದೆ, ಮುಂದಿನ ಹೆಜ್ಜೆಗೆ ದಾರಿ ಮಾಡುತ್ತದೆ. 2000ದ ಚಿತ್ರದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಸುಲಭವಾಗಿ ಅಂಟಬಹುದಾಗಿದ್ದ ಕಾರ್ಯಕಾರಣದ ಕಥೆಗೆ ಮಾತ್ರ ಚಿತ್ರದಲ್ಲಿ ಆಧಾರವಿರಲಿಲ್ಲ.

ಹಾಗಾದರೆ ನಿಶ್ಚಲ ಚಿತ್ರಗಳಿಂದ ನಂಬಿಕೆಯಿಂದ ಹೇಳಬಹುದಾದದ್ದೇನು? ಸಂಖ್ಯೆ. ಸಮತೋಲದ ಮಾದರಿಯಲ್ಲಿ ಒಂದು ಭಂಗಿಯ ಅಣುಗಳು ಇನ್ನೊಂದರ ಹತ್ತುಪಟ್ಟು ಇದ್ದರೆ, ಬೋಲ್ಟ್ಸ್‌ಮನ್ ನಿಯಮದಂತೆ ಕೋಣೆಯ ಉಷ್ಣತೆಯಲ್ಲಿ ಅವುಗಳ ಮುಕ್ತಶಕ್ತಿಯ ಅಂತರ ಮೋಲಿಗೆ ಸುಮಾರು 1.4 ಕಿಲೋಕ್ಯಾಲರಿ. ಎರಡರ ನಡುವಿನ ಶಕ್ತಿಯ ದಿಣ್ಣೆ ಎಷ್ಟು ಎತ್ತರವೆಂದು ಈ ಲೆಕ್ಕ ತಿಳಿಸದು, ವೇಗವೂ ಇದರಿಂದ ಹೊರಡದು. ಸಂಖ್ಯೆಯೂ ನಿಷ್ಕಳಂಕವಲ್ಲ: ತೆಳು ಪದರದಲ್ಲಿ ಗಾಳಿ-ನೀರಿನ ಗಡಿಗೆ ತಾಗಿದ ಅಣುಗಳು ಬಿಚ್ಚಿಕೊಳ್ಳಬಹುದು, ವಿಂಗಡಣೆಯಲ್ಲಿ ವಿರಳ ಭಂಗಿಗಳು ಕಸವೆಂದು ಹೊರಬೀಳಬಹುದು. ಕೊನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರ, ಏಕೆಂದರೆ ಚಲನೆಯ ಸುಳಿವು ಆ ವಿರಳ ಭಂಗಿಗಳಲ್ಲೇ ಇರುತ್ತದೆ.

ಬೆಂಗಳೂರಿನ ಜೀವವಿಜ್ಞಾನ ಸಮುಚ್ಚಯದಲ್ಲಿ ಈಗ ರಾಷ್ಟ್ರೀಯ ಕ್ರಯೋ ಸೂಕ್ಷ್ಮದರ್ಶನ ಸೌಲಭ್ಯವಿದೆ. ಅಲ್ಲಿನವರಿರಲಿ, ಬೇರೆಯವರಿರಲಿ, ರಚನೆಯನ್ನು ಪ್ರಕಟಿಸುವವರು ವಿಂಗಡಣೆಯಲ್ಲಿ ಕೈಬಿಟ್ಟ ಅಣುಚಿತ್ರಗಳ ಪಾಲನ್ನೂ ಅದರ ಕಾರಣವನ್ನೂ ನಮೂದಿಸಿ, ಮೂಲ ಚಿತ್ರಗಳನ್ನು ಎಂಪಿಯರ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಬೇಕು.