ನೀರು ಬಂದ ಊರು, ನೀರು ಬಾರದ ಊರು

ಸಮಾಜಶಾಸ್ತ್ರವೋ ಅರ್ಥಶಾಸ್ತ್ರವೋ ಓದಿ ಪಿಎಚ್‌.ಡಿ. ಮಾಡಿದವರನ್ನು ಊರಲ್ಲಿ ಕೇಳುವುದು ಒಂದೇ ಮಾತು: ‘ಲೆಕ್ಚರರ್ ಕೆಲಸ ಸಿಕ್ತಾ?’ ಪಾಠ ಹೇಳುವುದು ಬಿಟ್ಟರೆ ಆ ಓದಿಗೆ ಬೇರೆ ದಾರಿ ಇಲ್ಲ ಎಂದೇ ನಾವು ನಂಬಿದ್ದೇವೆ. ಬೇರೆ ದಾರಿ ಇದೆ ಎನ್ನುವುದಕ್ಕೆ ನಮ್ಮ ಮಂಡ್ಯ ಸೀಮೆಯ ಚರಿತ್ರೆಯೇ ಸಾಕ್ಷಿ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯಕ್ಕೆ ಬಂದರು. ವಿಯೆನ್ನಾದ ಯಹೂದಿ ಕುಟುಂಬದವರು. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಕನ್ನಂಬಾಡಿ ಕಟ್ಟೆಯ ನಾಲೆ ಬಂದ ಮೇಲೆ ಹಳ್ಳಿಯ ಬದುಕು ಏನಾಯಿತು ಎಂಬುದು ಅವರ ಪ್ರಶ್ನೆ.

ಅದಕ್ಕಾಗಿ ಎರಡು ಊರು ಆರಿಸಿಕೊಂಡರು. ಅವರ ಪುಸ್ತಕದಲ್ಲಿ ಅವುಗಳ ಹೆಸರು ವಂಗಲ ಮತ್ತು ದಲೇನ. ವಂಗಲದ ಹೊಲಗಳಿಗೆ ನಾಲೆ ನೀರು ಹರಿಯಿತು. ದಲೇನದ ಜಮೀನು ಎತ್ತರದಲ್ಲಿದ್ದು ಒಣಗಿಯೇ ಉಳಿಯಿತು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ಬೇರೆ. ವಂಗಲದವರು ಕಬ್ಬು, ಭತ್ತ ಬೆಳೆದು ದುಡ್ಡು ಕಂಡರು. ಆದರೆ ಬೇಸಾಯವೇ ಕಸುಬಾಗಿ ಉಳಿದದ್ದರಿಂದ ಒಕ್ಕಲು ಮನೆ ಮತ್ತು ಆಳುಮಕ್ಕಳ ತಲತಲಾಂತರದ ಕಟ್ಟುಪಾಡು ಹೆಚ್ಚು ಕದಲಲಿಲ್ಲ. ದಲೇನದವರು ಹೊರಗೆ ದಾರಿ ಹುಡುಕಿದರು. ಮಂಡ್ಯ ಪೇಟೆಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು, ನೀರಾವರಿಯ ಅಕ್ಕಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟುಪಾಡು ಸಡಿಲಗೊಂಡದ್ದು ಇಲ್ಲಿ.

ಈ ಅಧ್ಯಯನ 1962ರಲ್ಲಿ ಪುಸ್ತಕವಾಯಿತು. 1970ರಲ್ಲಿ ಎಪ್‌ಸ್ಟೈನ್ ಮತ್ತೆ ಬಂದರು. ಉಳ್ಳವರು ಮುಂದೆ ಹೋಗಿದ್ದರು, ಬಡವರು ಹಿಂದೆ ಉಳಿದಿದ್ದರು. ಸರಾಸರಿ ಆದಾಯ ಏರಿತು ಎಂದು ಬರೆಯುವ ಸರ್ಕಾರಿ ವರದಿಯಲ್ಲಿ ಇದು ಕಾಣುವುದಿಲ್ಲ. ಮನೆಮನೆಗೆ ಹೋಗಿ ಕೂತು ಕೇಳಿದವರಿಗೆ ಮಾತ್ರ ಕಾಣುತ್ತದೆ. ಮುಂದೆ ಅವರು ಇದೇ ಅನುಭವವನ್ನು ಅಭಿವೃದ್ಧಿ ಯೋಜನೆಗಳ ಕೆಲಸಕ್ಕೆ ಬಳಸಿದರು.

ಈ ಕಥೆಯಲ್ಲಿ ನಾವು ಮರೆಯಬಾರದ ಇನ್ನೊಂದು ಹೆಸರು ಎ.ಪಿ. ಸೂರ್ಯನಾರಾಯಣ. ಮೊದಲ ಅಧ್ಯಯನದಲ್ಲಿ ಅವರು ಸಂಶೋಧನಾ ಸಹಾಯಕರು. ಈ ಹಳ್ಳಿಗಳ ನಲವತ್ತು ವರ್ಷಗಳ ಬದಲಾವಣೆ ಕುರಿತು 1998ರಲ್ಲಿ ಬಂದ ಪುಸ್ತಕದಲ್ಲಿ ಎಪ್‌ಸ್ಟೈನ್, ಟಿ. ತಿಮ್ಮೇಗೌಡ ಅವರ ಜೊತೆ ಸೂರ್ಯನಾರಾಯಣ ಅವರೂ ಲೇಖಕರು. ಸಹಾಯಕ ಲೇಖಕನಾಗಲು ಅಷ್ಟು ವರ್ಷ ಬೇಕಾಯಿತು.

ಇಂದು ಈ ಕೆಲಸಕ್ಕೆ ನಮ್ಮಲ್ಲೇ ಜಾಗಗಳಿವೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್ ಇದೆ. ಸರ್ಕಾರಿ ಯೋಜನೆಗಳ ಫಲ ಜನರಿಗೆ ಮುಟ್ಟಿತೇ ಎಂದು ಅಳೆಯಿಸುವ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ. ಸ್ವಯಂಸೇವಾ ಸಂಸ್ಥೆಗಳೂ ಸಂಶೋಧಕರನ್ನು ತೆಗೆದುಕೊಳ್ಳುತ್ತವೆ. ಆದರೆ ಬಹಳಷ್ಟು ಕೆಲಸ ಗುತ್ತಿಗೆಯದು. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು.

ಹಳ್ಳಿಯಿಂದ ಹೋಗಿ ಓದಿದವರಿಗೆ ಊರಿನ ಮಾತು, ಜಾತಿ, ನೀರಿನ ಪಾಳಿ ಎಲ್ಲ ಗೊತ್ತು. ಫಾರಂ ತುಂಬಿಸಲು ಮಾತ್ರ ಅವರನ್ನು ಕರೆದರೆ ಆ ತಿಳಿವಳಿಕೆ ವ್ಯರ್ಥ. ಏನು ಕೇಳಬೇಕು ಎಂದು ತೀರ್ಮಾನಿಸುವ ಮೇಜಿನಲ್ಲೂ ಅವರಿಗೆ ಜಾಗ ಬೇಕು.